ನಮ್ಮ ಪೆಜೊ ಮತ್ತು ಅದರ ನೆಂಟರು

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಾರಿನ ಹಿಂದಿನ ಎರಡು ಚಕ್ರಗಳು ತಲೆ ಒಳಗೆ, ಪಾದ ಹೊರಗೆ ಮಾಡಿಕೊಂಡು ನಿಲ್ಲತೊಡಗಿದವು. ಭಾರ ಹೊತ್ತ ಕತ್ತೆ ಕಾಲು ಅಗಲಿಸಿ ನಿಲ್ಲುತ್ತದಲ್ಲ, ಹಾಗೆ. ಡೊಂಬಿವಲಿ ಪೂರ್ವದ ನಮ್ಮ ಸೊಸೈಟಿಯ ವಾಚ್‌ಮನ್‌ಗೇ ಅದು ಮೊದಲು ಕಂಡದ್ದು. 'ಸಾಬ್, ಗಾಡಿ ಬೈಠ್ ಗಯೀ' ಅಂದ. ಹತ್ತಿರದ ಒಂದು ಗ್ಯಾರೇಜಿನವನು ಬಗ್ಗಿ ನೋಡುವ ಕಷ್ಟವನ್ನೂ ತೆಗೆದುಕೊಳ್ಳದೆ, 'ಭಂಗಾರಕ್ಕೆ ಹಾಕಿಬಿಡಿ, ನಾನೇ 22 ಸಾವಿರ ಕೊಡಿಸುತ್ತೇನೆ' ಎಂದ. ಅದೇ ವಾರ ಮಗಳ ಡಿಪ್ಲೊಮಾ ಎರಡನೆಯ ವರ್ಷದ ಫೀಸು ಕಟ್ಟುವುದಿತ್ತು. ಕಾರಿನ ನೋಂದಣಿಯ ಅವಧಿಯೂ 2026ರ ಮಾರ್ಚಿಗೆ ಮುಗಿಯುತ್ತಿತ್ತು. 22 ಸಾವಿರ ಎಂಬ ಅಂಕಿ ನನ್ನ ತಲೆಯಲ್ಲಿ ಎರಡು ರಾತ್ರಿ ಸುತ್ತಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಕಾರು 1996ರ ಪೆಜೊ 309, ಡೀಸೆಲ್. ಫ್ರೆಂಚ್ ಕಂಪನಿಯ ಗಾಡಿ. ಹುಟ್ಟಿದ್ದು ಮಾತ್ರ ನಮ್ಮ ಮನೆಯಿಂದ ಆಟೋದಲ್ಲಿ ಹೋಗಿಬರಬಹುದಾದ ದೂರದಲ್ಲಿ, ಕಲ್ಯಾಣ–ಶಿಳ್ ರಸ್ತೆಯ ಕಾರ್ಖಾನೆಯಲ್ಲಿ. 2009ರಲ್ಲಿ, ನಿವೃತ್ತರಾಗಿ ಊರಿಗೆ ಹೊರಟಿದ್ದ ನೆರೆಮನೆಯವರಿಂದ 38 ಸಾವಿರಕ್ಕೆ ಕೊಂಡೆ. ಹೊಸ ಕಾರಿನ ಕಂತು ಕಟ್ಟುವಷ್ಟು ಸಂಬಳ ಆಗ ಇರಲಿಲ್ಲ, ಈಗಲೂ ಅಷ್ಟಕ್ಕಷ್ಟೇ. ಆದರೆ ಅಮ್ಮನನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು. ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಬೆಳಗ್ಗೆ ಎಂಟಕ್ಕೆ ನಿಂತವರಿಗೆ, ಕಾಯಿಲೆಯ ಮುದುಕಿಯನ್ನು ಲೋಕಲ್ ಹತ್ತಿಸುವುದು ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಅಂಕೋಲೆಯ ಅಮ್ಮನಿಗೆ ಪೆಜೊ ಎಂಬ ಹೆಸರು ಕೊನೆಯವರೆಗೂ ನಾಲಿಗೆಗೆ ಹತ್ತಲಿಲ್ಲ. 'ಪೂಜೆ ಕಾರು' ಅನ್ನುತ್ತಿದ್ದಳು. ಅವಳು ಹೋಗಿ ಏಳು ವರ್ಷವಾಯಿತು. ಹಿಂದಿನ ಸೀಟಿನ ಎಡಬದಿಯಲ್ಲಿ ಅವಳು ಕೂರುತ್ತಿದ್ದ ಕಡೆ ಸ್ಪಂಜು ಇನ್ನೂ ಸ್ವಲ್ಪ ತಗ್ಗಾಗಿಯೇ ಇದೆ.

ಹಾಗೆಂದು ನಾನು ಹಳೆಯ ಕಾರುಗಳ ಮೋಹಿಯಲ್ಲ. ಭಾನುವಾರ ಬಾನೆಟ್ ಒರೆಸಿ ಫೋಟೋ ತೆಗೆಯುವವರ ಪೈಕಿ ಅಲ್ಲವೇ ಅಲ್ಲ. ಈ ಕಾರಿನ ಚರಿತ್ರೆಯನ್ನು ನಾನು ಓದಿದ್ದು ಬಿಡಿಭಾಗಗಳ ಸಲುವಾಗಿ. ಮಾಡಿದ ಕಂಪನಿ ಬಾಗಿಲು ಹಾಕಿ ಹೋದ ಮೇಲೆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಅದರ ಹೆಸರು ಹೇಳಿದರೆ ಅಂಗಡಿಯವನು ತಲೆ ಅಲ್ಲಾಡಿಸುತ್ತಾನೆ. ಅದೇ ಭಾಗ ಬೇರೆ ಯಾವ ಕಾರಿಗೆ ಬರುತ್ತದೆ ಎಂದು ಗೊತ್ತಿದ್ದು ಆ ಕಾರಿನ ಹೆಸರು ಹೇಳಿದರೆ, ಧೂಳು ಕೊಡವಿ ಡಬ್ಬಿಯನ್ನು ಮೇಜಿನ ಮೇಲೆ ಇಡುತ್ತಾನೆ. ಹಾಗಾಗಿ ಯಾರು ಯಾರ ಮನೆಗೆ ಹೆಣ್ಣು ಕೊಟ್ಟರು, ಯಾರು ಯಾರ ಆಸ್ತಿ ಕೊಂಡರು ಎಂಬುದನ್ನು ತಿಳಿಯದೆ ಈ ಗಾಡಿಗೆ ಒಂದು ರಬ್ಬರ್ ಬುಷ್ ಕೂಡ ಸಿಗುವುದಿಲ್ಲ. ಹದಿನಾರು ವರ್ಷದಲ್ಲಿ ಹೀಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೆಜೊ ಮನೆತನದವರು ಪೂರ್ವ ಫ್ರಾನ್ಸಿನವರು. ಕಾರಿಗಿಂತ ಬಹಳ ಮೊದಲು ಅವರು ಉಕ್ಕಿನ ಸಾಮಾನು ಮಾಡುತ್ತಿದ್ದರು: ಗರಗಸ, ಸ್ಪ್ರಿಂಗು, 1840ರಿಂದ ಕಾಫಿ ಬೀಸುವ ಕೈಗಿರಣಿ. ಬಾನೆಟ್ಟಿನ ಮೇಲಿನ ಸಿಂಹ 1858ರಲ್ಲಿ ನೋಂದಾಯಿಸಿದ ಗುರುತು, ಅದು ಮೊದಲು ನಿಂತದ್ದು ಗರಗಸದ ಮೇಲೆ. ಸಿಂಹದ ಹಲ್ಲಿನಷ್ಟು ಗಟ್ಟಿ ಎಂಬ ಅರ್ಥದಲ್ಲಿ. ಮೊದಲ ಕಾರು 1889ರಲ್ಲಿ, ಆವಿಯದ್ದು. ಇದಿಷ್ಟು ಯಾರಿಗಾದರೂ ಸಿಗುವ ಮಾಹಿತಿ. ನನಗೆ ಬೇಕಾಗಿದ್ದದ್ದು ಬೇರೆ: ನಮ್ಮ ಕಾರಿಗೆ 309 ಎಂಬ ಹೆಸರು ಯಾಕೆ?

ಪೆಜೊದವರು 1929ರ 201ರಿಂದ ಹಿಡಿದು ಮೂರಂಕಿಯ ಹೆಸರು, ನಡುವೆ ಸೊನ್ನೆ ಎಂಬ ಕ್ರಮ ಇಟ್ಟುಕೊಂಡವರು. ಮೊದಲ ಅಂಕಿ ಗಾತ್ರಕ್ಕೆ, ಕೊನೆಯದು ತಲೆಮಾರಿಗೆ. ಈ ಸೊನ್ನೆಯ ಮೇಲೆ ಅವರಿಗೆ ಎಷ್ಟು ಮಮತೆ ಎಂದರೆ, ಪೋರ್ಷೆಯವರು 901 ಎಂದು ಕಾರು ತಂದಾಗ ಆಕ್ಷೇಪ ಎತ್ತಿ, 1964ರಲ್ಲಿ ಅವರು ಅದನ್ನು 911 ಮಾಡಿಕೊಳ್ಳುವಂತೆ ಮಾಡಿದರು. ಈ ಲೆಕ್ಕದಲ್ಲಿ 305ರ ನಂತರ ಬರಬೇಕಾದದ್ದು 306. ಅದು ಬಂದದ್ದೂ ಹೌದು, 1993ರಲ್ಲಿ. ಅದಕ್ಕಿಂತ ಎಂಟು ವರ್ಷ ಮೊದಲು, 1985ರಲ್ಲಿ, ಒಮ್ಮೆಲೇ 309 ಬಂತು. ಸಾಲಿನಲ್ಲಿ ನಿಂತ ಮನೆಮಕ್ಕಳನ್ನು ಬಿಟ್ಟು ಸಾಕುಮಗುವನ್ನು ಸ್ವಲ್ಪ ದೂರ ನಿಲ್ಲಿಸಿದ ಹಾಗೆ.

ಅದು ಸಾಕುಮಗುವೇ. 309ನ್ನು ಪೆಜೊ ಎಂದು ಮಾಡಿದ್ದಲ್ಲ, ಟಾಲ್ಬಟ್ ಎಂದು ಮಾಡಿದ್ದು. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ದಶಕದಲ್ಲಿ ಫ್ರಾನ್ಸಿನ ಸಿಮ್ಕಾ, ಇಂಗ್ಲೆಂಡಿನ ರೂಟ್ಸ್ ಎರಡನ್ನೂ ಕೈಗೆ ತೆಗೆದುಕೊಂಡಿತ್ತು. ನಷ್ಟ ತಡೆಯಲಾರದೆ 1978ರಲ್ಲಿ ಯುರೋಪಿನ ಇಡೀ ಸಂಸಾರವನ್ನು ಪೆಜೊ–ಸಿಟ್ರೊಯೆನ್ ಕೂಟಕ್ಕೆ ಒಂದು ಡಾಲರಿಗೆ ಒಪ್ಪಿಸಿತು, ಸಾಲ ಬೇರೆ. ಹೊಸ ಯಜಮಾನರು ಆ ಕಾರುಗಳಿಗೆ ಟಾಲ್ಬಟ್ ಎಂಬ ಹಳೆಯ ಹೆಸರನ್ನು ಹುಡುಕಿ ಇಟ್ಟರು. ಹೊರೈಝನ್ ಎಂಬ ಅವರ ಕಾರಿನ ಉತ್ತರಾಧಿಕಾರಿಯಾಗಿ, ಅರಿಝೋನಾ ಎಂಬ ಹೆಸರಿನಲ್ಲಿ, ಒಂದು ಕಾರಿನ ಕೆಲಸ ಶುರುವಾಯಿತು. ಖರ್ಚು ಉಳಿಸಲು ಬಾಗಿಲುಗಳನ್ನು ಪೆಜೊ 205ರಿಂದ ತೆಗೆದುಕೊಂಡರು. ಕಾರು ತಯಾರಾಗುವ ಹೊತ್ತಿಗೆ ಟಾಲ್ಬಟ್ ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆಯೇ ಉಳಿದಿರಲಿಲ್ಲ. ಕೊನೆಗಳಿಗೆಯಲ್ಲಿ ಮೂತಿಗೆ ಸಿಂಹ ಅಂಟಿಸಿ 309 ಎಂದರು. ಇಂಗ್ಲೆಂಡಿನ ಕೊವೆಂಟ್ರಿ ಬಳಿಯ ರೈಟನ್‌ನಲ್ಲಿ, ಫ್ರಾನ್ಸಿನ ಪ್ವಾಸಿಯಲ್ಲಿ, ಅಂದರೆ ಕ್ರೈಸ್ಲರ್‌ನಿಂದ ಬಂದ ಕಾರ್ಖಾನೆಗಳಲ್ಲೇ ಅದನ್ನು ಕಟ್ಟಿದರು.

ಈಗ ಸಿಮ್ಕಾ ಕಡೆ ಒಂದು ಹೆಜ್ಜೆ ಹಿಂದೆ ಹೋಗಬೇಕು, ಯಾಕೆಂದರೆ ನಮ್ಮ ಮುಂಬಯಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಮ್ಕಾ ಹುಟ್ಟಿದ್ದು 1934ರಲ್ಲಿ, ಇಟಲಿಯ ಫಿಯಟ್ ಕಾರುಗಳನ್ನು ಫ್ರಾನ್ಸಿನಲ್ಲಿ ತಯಾರಿಸುವುದಕ್ಕೆ. ಅದರ 'ಸಿಮ್ಕಾ 8' ಎಂಬುದು ಫಿಯಟ್ 1100ರದ್ದೇ ರೂಪ. ಮೊದಲು ಫಿಯಟ್‌ನ ನೆಂಟಸ್ತಿಕೆ, ಆಮೇಲೆ ಕ್ರೈಸ್ಲರ್‌ನದ್ದು. ಇಲ್ಲಿ, ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕತೆ ಅದರ ತಿರುಗುಮುರುಗು. ಮೊದಲು ಕ್ರೈಸ್ಲರ್: ಸ್ವಾತಂತ್ರ್ಯದ ಹೊತ್ತಿಗೆ ಕುರ್ಲಾದಿಂದ ಹೊರಬಿದ್ದದ್ದು ಡಾಜ್, ಪ್ಲಿಮತ್ ಗಾಡಿಗಳು. 1950ರ ದಶಕದಲ್ಲಿ ಫಿಯಟ್ ಬಂತು. ಅದೇ 1100ರ ವಂಶದ ಕಾರು ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಹೊತ್ತು, ಕಪ್ಪು–ಹಳದಿ ಟ್ಯಾಕ್ಸಿಯಾಗಿ ನಮ್ಮೆಲ್ಲರನ್ನೂ ದಾದರ್ ಸ್ಟೇಷನ್ನಿನಿಂದ ಯಾರದೋ ಚಾಳಿನವರೆಗೆ ಮೊದಲ ಸಲ ಕರೆದೊಯ್ದದ್ದು.

ಈ ಪ್ರೀಮಿಯರ್‌ನ ಬೇರು ಹುಡುಕುತ್ತಾ ಹೋದವನಿಗೆ ಸಿಕ್ಕವರು ನಮ್ಮ ವಿಶ್ವೇಶ್ವರಯ್ಯನವರು. ಇದು ನನಗೆ ಗೊತ್ತಿರಲಿಲ್ಲ. ಕಟ್ಟೆ ಕಟ್ಟಿದವರು, ಭದ್ರಾವತಿಯ ಕಬ್ಬಿಣ, ಇಷ್ಟನ್ನೇ ಶಾಲೆಯಲ್ಲಿ ಓದಿದ್ದೆ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಮೋಟಾರು ಕಾರ್ಖಾನೆಗಳನ್ನು ನೋಡಿ ಬರಲೆಂದು ಯುರೋಪು, ಅಮೆರಿಕ ಸುತ್ತಿದರು. ಬಂದು ಭಾರತದಲ್ಲೇ ಕಾರು ಮಾಡುವ ಯೋಜನೆ ಬರೆದರು. ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲಚಂದ ಹಿರಾಚಂದ್ ಅದರ ಬೆನ್ನು ಹತ್ತಿದರು. ಮೈಸೂರು ಸಂಸ್ಥಾನಕ್ಕೂ ಆಸಕ್ತಿ ಇತ್ತು. ಬ್ರಿಟಿಷ್ ಸರ್ಕಾರ ಮಾತ್ರ ಒಪ್ಪಿಗೆ ಕೊಡಲಿಲ್ಲ. ವಾಲಚಂದರು ಅಷ್ಟರಲ್ಲಿ 1940ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ವಿಮಾನ ಕಾರ್ಖಾನೆ ತೆಗೆದರು, ಅದೇ ಇಂದಿನ ಎಚ್‌ಎಎಲ್. ಕಾರಿನ ಕಂಪನಿ ಕೈಗೂಡಿದ್ದು 1944ರಲ್ಲಿ, ಮುಂಬಯಿಯಲ್ಲಿ. ಒಂದು ಸರ್ಕಾರಿ ಸಹಿ ಬೇರೆ ಥರ ಬಿದ್ದಿದ್ದರೆ ಪದ್ಮಿನಿ ಬೆಂಗಳೂರಿನ ಕಾರಾಗುತ್ತಿತ್ತೋ ಏನೋ. ಅಂಥ ಲೆಕ್ಕಗಳಿಂದ ಉಪಯೋಗವಿಲ್ಲ, ಆದರೂ ಮುಂಬಯಿಯಲ್ಲಿ ನಲವತ್ತು ವರ್ಷ ಕಳೆದ ಕನ್ನಡದವನಿಗೆ ಆ ಯೋಚನೆ ಒಮ್ಮೆ ಬಂದೇ ಬರುತ್ತದೆ.

1994ರಲ್ಲಿ ಪ್ರೀಮಿಯರ್ ಮತ್ತು ಪೆಜೊ ಕೂಡಿ ಕಲ್ಯಾಣದ ಕಾರ್ಖಾನೆಯಲ್ಲಿ 309ನ್ನು ತಯಾರಿಸತೊಡಗಿದಾಗ, ನೋಡಿದವರಿಗೆ ಅದು ಹೊಸ ಸಂಬಂಧ. ಒಳಗೆ ನೋಡಿದರೆ ಎರಡೂ ಕಡೆಯಿಂದ ಸೋದರಿಕೆ. ಕ್ರೈಸ್ಲರ್‌ನ ಮನೆಯಲ್ಲಿ ಬೆಳೆದ ಮಗು, ಕ್ರೈಸ್ಲರ್‌ನಿಂದಲೇ ಕಸುಬು ಕಲಿತ ಮನೆಗೆ ಬಂತು. ಯುರೋಪಿನಲ್ಲಿ ಆಗಷ್ಟೇ 306 ಬಂದು 309 ಮೂಲೆ ಸೇರಿತ್ತು. ಅಲ್ಲಿಯ ಹಳತು ನಮಗೆ ಹೊಸತು, ಆ ಕಾಲದ ರೀತಿಯೇ ಅದು. ಆದರೂ ಅನ್ಯಾಯದ ಮಾತು ಬೇಡ. ಪದ್ಮಿನಿಯಲ್ಲಿ ಕುಳಿತು ಎದ್ದವರಿಗೆ 309ರ ಸೀಟು, ಗುಂಡಿ ಬಿದ್ದ ರಸ್ತೆಯಲ್ಲಿ ಅದರ ನಡಿಗೆ ಎರಡೂ ಬೇರೆಯೇ ಲೋಕ. 1.4 ಲೀಟರಿನ ಪೆಟ್ರೋಲ್ ಎಂಜಿನ್ ಇತ್ತು, 1.5 ಲೀಟರಿನ ಡೀಸೆಲ್ ಇತ್ತು. ಅದೇ ಸಮಯಕ್ಕೆ ಮಾರುತಿ ಎಸ್ಟೀಮ್, ದೇವೂ ಸಿಯೆಲೊ, ಓಪೆಲ್ ಆಸ್ಟ್ರಾ, ಫೋರ್ಡ್ ಎಸ್ಕಾರ್ಟ್ ಒಂದರ ಹಿಂದೊಂದು ಬಂದವು.

ಸಂಸಾರ ಹೆಚ್ಚು ದಿನ ನಡೆಯಲಿಲ್ಲ. ಕಾರ್ಮಿಕ ವಿವಾದ, ಡೀಲರುಗಳ ತಕರಾರು, ಪಾಲುದಾರರ ನಡುವೆ ಬಿರುಕು. ಇತ್ತ ಪ್ರೀಮಿಯರ್ ಕುರ್ಲಾದಲ್ಲಿ ಫಿಯಟ್ ಜೊತೆ ಮತ್ತೆ ಸಂಬಂಧ ಬೆಳೆಸಿ 1996ರಲ್ಲಿ ಊನೋ ಕಾರು ತಂದಿತ್ತು. ಮುಂದಿನ ಒಂದೆರಡು ವರ್ಷದಲ್ಲಿ ಪೆಜೊ ಗಂಟುಮೂಟೆ ಕಟ್ಟಿತು. ನಮ್ಮ ಕಾರಿಗೆ ಆಗ ಇನ್ನೂ ಹಾಲುಹಲ್ಲು. ಹೆಸರಿಟ್ಟ ಮನೆ ಮುಚ್ಚಿದ್ದಕ್ಕೆ ಹುಟ್ಟುವಾಗಲೇ ಒಮ್ಮೆ ತಬ್ಬಲಿಯಾದ ಗಾಡಿ, ಡೊಂಬಿವಲಿಯಲ್ಲಿ ಇನ್ನೊಮ್ಮೆ ಆಯಿತು. ಕಾರ್ಖಾನೆ ಇದ್ದ ಜಾಗದ ಸುತ್ತ ಈಗ ಎತ್ತರದ ಕಟ್ಟಡಗಳು. ಅಲ್ಲಿ ಹಾದು ಹೋಗುವಾಗೆಲ್ಲ ಮಗಳು ತಮಾಷೆಗೆ, 'ಅಪ್ಪಾ, ತವರುಮನೆ ಬಂತು' ಅನ್ನುತ್ತಾಳೆ.

ಕಂಪನಿ ಹೋಯಿತು, ಎಂಜಿನ್ ಉಳಿಯಿತು. ನಮ್ಮಂಥವರ ಪಾಲಿಗೆ ಇದೇ ದೊಡ್ಡ ಸಂಗತಿ. ನಮ್ಮ ಕಾರಿನ ಡೀಸೆಲ್ ಎಂಜಿನ್ನಿನ ಹೆಸರು ಟಿಯುಡಿ5, 1527 ಸಿಸಿ. 1998ರಲ್ಲಿ ಮಾರುತಿಯವರು ಝೆನ್ ಡೀಸೆಲ್, ಎಸ್ಟೀಮ್ ಡೀಸೆಲ್ ತಂದರಲ್ಲ, ಅವುಗಳ ಹೊಟ್ಟೆಯಲ್ಲಿ ಇದ್ದದ್ದು ಇದೇ. ಸಿಟ್ರೊಯೆನ್ ಸ್ಯಾಕ್ಸೊ, ಪೆಜೊ 106, ಇಂಗ್ಲೆಂಡಿನ ಪುಟ್ಟ ರೋವರ್ ಎಲ್ಲಕ್ಕೂ ಇದೇ ಎಂಜಿನ್. ತಮಾಷೆಯೆಂದರೆ, ಪ್ರೀಮಿಯರ್‌ನವರೇ 2009ರಲ್ಲಿ ರಿಯೋ ಎಂಬ ಪುಟ್ಟ ಜೀಪಿನಂಥ ಗಾಡಿ ತಂದಾಗ ಅದಕ್ಕೆ ಹಾಕಿದ್ದೂ ಇದನ್ನೇ. ಬಿಟ್ಟು ಹೋದ ಗಂಡನ ಕೋಟು ಇಷ್ಟು ವರ್ಷದ ಮೇಲೆ ಹೊರತೆಗೆದ ಹಾಗೆ. ಪೆಜೊ ಡೀಸೆಲ್ ನಮ್ಮ ದೇಶಕ್ಕೆ ಹೊಸದೂ ಅಲ್ಲ. ಮಹೀಂದ್ರಾದವರು 1979ರ ಹೊತ್ತಿಗೇ ಅವರಿಂದ ಬೇರೊಂದು ದೊಡ್ಡ ಎಂಜಿನ್ನಿನ ಲೈಸೆನ್ಸ್ ತಂದಿದ್ದರು. ಎಂಎಂ 540 ಜೀಪಿಗೆ ಇದ್ದದ್ದು ಅದು. ಮಲೆನಾಡಿನ ಅಡಿಕೆ ತೋಟದಲ್ಲಿ ಬೆಳೆದವರು ಆ ಸದ್ದು ಕೇಳಿಯೇ ಇರುತ್ತೀರಿ, ಫ್ರೆಂಚರದ್ದು ಎಂದು ಗೊತ್ತಿರಲಿಕ್ಕಿಲ್ಲ.

ಹೀಗಾಗಿ ಎಂಜಿನ್ನಿನ ವಿಷಯದಲ್ಲಿ ನಾನು ಹದಿನಾರು ವರ್ಷವೂ ಝೆನ್ ಡೀಸೆಲ್‌ನ ಯಜಮಾನನಂತೆ ನಟಿಸುತ್ತಾ ಬಂದಿದ್ದೇನೆ. ಹೀಟರ್ ಪ್ಲಗ್, ವಾಟರ್ ಪಂಪ್, ಹೆಡ್ ಗ್ಯಾಸ್ಕೆಟ್, ಎಲ್ಲ ಅದರ ಹೆಸರಿನಲ್ಲೇ. ಖರ್ಚಿಗೊಂದು ನಿಯಮ ಇದೆ: ಓಡಿಸಲಿ ಬಿಡಲಿ, ತಿಂಗಳಿಗೆ 1500 ರೂಪಾಯಿ ಪೋಸ್ಟ್ ಆಫೀಸಿನ ಆರ್‌ಡಿಗೆ. ಅದು ಮನೆಯಲ್ಲಿ 'ಪೂಜೆ ಹುಂಡಿ'. ಫಿಲ್ಟರ್ ಬದಲಿಸುವುದು, ಆಯಿಲ್ ಇಳಿಸುವುದು, ಡೀಸೆಲ್ ಲೈನಿನ ಗಾಳಿ ತೆಗೆಯುವುದು ನಾನೇ ಮಾಡಿಕೊಳ್ಳುತ್ತೇನೆ. ಎಲ್ಲಿ ಜಿಪುಣತನ ಮಾಡಬಾರದು ಎಂಬುದನ್ನೂ ಕಲಿತೆ. ಟೈಮಿಂಗ್ ಬೆಲ್ಟ್ ಅಂಥದ್ದು. ಅದು ಹಲ್ಲು ಹಲ್ಲಿನ ರಬ್ಬರ್ ಪಟ್ಟಿ. ಕ್ಯಾಮ್‌ಶಾಫ್ಟ್, ಡೀಸೆಲ್ ಪಂಪು, ವಾಟರ್ ಪಂಪು ಮೂರನ್ನೂ ಅದೇ ತಿರುಗಿಸುತ್ತದೆ. ಅದು ಹರಿದರೆ ತೆರೆದಿದ್ದ ವಾಲ್ವುಗಳಿಗೆ ಪಿಸ್ಟನ್ ಬಂದು ಬಡಿಯುತ್ತದೆ, ಎಂಜಿನ್ ಅಲ್ಲಿಗೆ ಮುಗಿಯಿತು. ಮೊದಲ ವರ್ಷ ಒಂದು ಗ್ಯಾರೇಜಿನಲ್ಲಿ, 'ಹೊಸದು ಹಾಕಿದ್ದೇನೆ' ಎಂದು ದುಡ್ಡು ತೆಗೆದುಕೊಂಡು ಹಳೆಯದನ್ನೇ ಒರೆಸಿ ಹಾಕಿದ್ದ. ಪಟ್ಟಿಯ ಮೇಲೆ ಅಚ್ಚಾದ ಅಕ್ಷರ ಅಳಿಸಿಹೋಗಿದ್ದು ನೋಡಿ ನನಗೆ ಸಂಶಯ ಬಂತು. ಆಮೇಲಿಂದ ಹಳೆಯ ಪಟ್ಟಿಯನ್ನು ಕೈಗೆ ಕೊಟ್ಟ ಮೇಲೆಯೇ ಹಣ.

ಎಂಜಿನ್ನಿನ ಆಚೆಗೆ ಮಾತ್ರ ನೆಂಟರು ಊರಿನಲ್ಲಿಲ್ಲ. ಬಾಗಿಲು 205ರದ್ದು ಎಂದೆನಲ್ಲ, 205 ನಮ್ಮ ದೇಶದಲ್ಲಿ ಮಾರಾಟಕ್ಕೇ ಬರಲಿಲ್ಲ. ಚಾಲಕನ ಬದಿಯ ಕಿಟಕಿ ಏರಿಸುವ ಯಂತ್ರ ಹಾಳಾಗಿ ಒಂದು ಇಡೀ ಮಳೆಗಾಲ ಗಾಜನ್ನು ಮರದ ತುಂಡು ಸಿಕ್ಕಿಸಿ ನಿಲ್ಲಿಸಿದ್ದೆ. ಕೊನೆಗೆ ಕನ್ನಡ ಸಂಘದ ನಾಟಕದಲ್ಲಿ ಪಾತ್ರ ಮಾಡುತ್ತಿದ್ದ ಒಬ್ಬ ಹುಡುಗ ಕಂಪನಿ ಕೆಲಸದ ಮೇಲೆ ಕೊವೆಂಟ್ರಿಗೆ ಹೋದ. ಅಲ್ಲಿ ಒಂದು ಹಳೆಯ 205ರ ಬಾಗಿಲಿನಿಂದ ಬಿಚ್ಚಿದ ಯಂತ್ರವನ್ನು ಕೊಂಡು, ಬಟ್ಟೆಯ ನಡುವೆ ಸುತ್ತಿ ತಂದ. ವಿಮಾನ ನಿಲ್ದಾಣದಲ್ಲಿ ಅದೇನೆಂದು ವಿವರಿಸಲು ಅವನಿಗೆ ಅರ್ಧ ಗಂಟೆ ಹಿಡಿಯಿತಂತೆ. 309 ರೂಪುಗೊಂಡದ್ದು ಅದೇ ಕೊವೆಂಟ್ರಿಯ ಆಸುಪಾಸಿನಲ್ಲಿ ಎಂದು ನಾನು ಹೇಳಿದಾಗ ಅವನು, 'ಮೊದಲೇ ಹೇಳಿದ್ದರೆ ಒಂದು ಊದುಬತ್ತಿ ಹಚ್ಚಿ ಬರ್ತಿದ್ದೆ ಮಾಮ' ಅಂದ. ಮುಂದಿನ ಗಾಜಿಗೆ ಯಾವ ನೆಂಟರೂ ಇಲ್ಲ, ಅದು 309ರದ್ದೇ. ಹಾಗಾಗಿ ಘೋಡ್‌ಬಂದರ್ ರಸ್ತೆಯಲ್ಲಿ ಜಲ್ಲಿ ತುಂಬಿದ ಡಂಪರ್ ಕಂಡರೆ ನಾನು ಲಾರಿಗಳಿಗೂ ದಾರಿ ಬಿಟ್ಟು ಹಿಂದುಳಿಯುತ್ತೇನೆ.

ಈಗ ಮತ್ತೆ ಆ ವಾಲಿದ ಚಕ್ರಗಳಿಗೆ. 205 ಮತ್ತು 309ರ ಹಿಂಬದಿಯಲ್ಲಿ ಕಾಯಿಲ್ ಸ್ಪ್ರಿಂಗು ಇಲ್ಲ. ಅಡ್ಡಲಾಗಿ ಒಂದು ಉಕ್ಕಿನ ಕೊಳವೆ, ಅದರ ಎರಡು ತುದಿಗೆ ಚಕ್ರ ಹಿಡಿದ ತೋಳುಗಳು. ಸ್ಪ್ರಿಂಗಿನ ಬದಲು ಟಾರ್ಶನ್ ಬಾರ್, ಅಂದರೆ ತಿರುಚಿಕೊಂಡು ಮತ್ತೆ ನೇರವಾಗುವ ಉಕ್ಕಿನ ಸಲಾಕೆ. ಜಾಗ ಉಳಿಯುತ್ತದೆ, ಡಿಕ್ಕಿ ದೊಡ್ಡದಾಗುತ್ತದೆ, ಗುಂಡಿಯಲ್ಲಿ ಕಾರು ತೇಲಿದಂತೆ ಹೋಗುತ್ತದೆ. ತೋಳು ತಿರುಗುವ ಕಡೆ ಸೂಜಿಯಂಥ ರೋಲರುಗಳ ಬೇರಿಂಗು ಇವೆ. ವರ್ಷಗಳು ಕಳೆದು ಸೀಲು ಸಡಿಲವಾದಾಗ ನೀರು ಒಳಗೆ ಹೋಗುತ್ತದೆ, ಗ್ರೀಸು ತೊಳೆದು ಹೋಗುತ್ತದೆ, ಸೂಜಿಗಳು ತುಕ್ಕು ಹಿಡಿದು ಪುಡಿಯಾಗಿ ಶಾಫ್ಟನ್ನೇ ತಿನ್ನುತ್ತವೆ. ಆಗ ತೋಳು ವಾಲುತ್ತದೆ, ಚಕ್ರ ತಲೆ ಒಳಗೆ ಹಾಕುತ್ತದೆ. ಮೂವತ್ತು ಮುಂಬಯಿ ಮಳೆಗಾಲ ಕಂಡ ಕಾರಿಗೆ ಇದು ಬಂದದ್ದು ಆಶ್ಚರ್ಯವಲ್ಲ, ಇಷ್ಟು ತಡವಾಗಿ ಬಂದದ್ದೇ ಹೆಚ್ಚು. ಝೆನ್‌ನ ಹೆಸರು ಇಲ್ಲಿ ಕೆಲಸಕ್ಕೆ ಬಾರದು.

ಕುರ್ಲಾಕ್ಕೆ ಹೋದೆ. ಸಿಎಸ್‌ಟಿ ರಸ್ತೆಯ ಭಂಗಾರ್ ಸಾಲು ಗೊತ್ತಿಲ್ಲದ ಮುಂಬಯಿ ಮೆಕ್ಯಾನಿಕ್ ಇರಲಿಕ್ಕಿಲ್ಲ; ಚೆನ್ನೈಯವರಿಗೆ ಪುದುಪೇಟ್, ದೆಹಲಿಯವರಿಗೆ ಮಾಯಾಪುರಿ ಹೇಗೋ ಹಾಗೆ. (ಅಂದಹಾಗೆ ಈ ಸಿಎಸ್‌ಟಿ ಆ ರೈಲ್ವೆ ನಿಲ್ದಾಣ ಅಲ್ಲ, ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇ. ಹಿಂದೆ ಅಲ್ಲಿ ಹಳಿ ಇತ್ತು.) ಅಲ್ಲಿ ನನಗೆ ಪರಿಚಯದ ಒಬ್ಬ ಚಾಚಾ ಇದ್ದಾರೆ. ಪ್ರೀಮಿಯರ್ ಕಾರ್ಖಾನೆ ಇದ್ದದ್ದೂ ಇದೇ ಕುರ್ಲಾದಲ್ಲಿ, ಅದರ ಕಾರುಗಳು ಕೊನೆಗೆ ಬಂದು ಬೀಳುವುದೂ ಇಲ್ಲೇ. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಾಗ ಎಲ್ಲ ಪತ್ರಿಕೆಗಳೂ ಬರೆದವು. ಚಾಚಾ ಅಂಗಡಿಯ ಅಟ್ಟದ ಮೇಲೆ ಈಗಲೂ ಪದ್ಮಿನಿಯ ಬಾಗಿಲುಗಳು ಹಪ್ಪಳದಂತೆ ಒಂದರ ಮೇಲೊಂದು ಇವೆ. 309 ಅಂದೊಡನೆ ಅವರು ನಕ್ಕು, 'ಎರಡು ವರ್ಷದಿಂದ ಯಾರೂ ಆ ಹೆಸರು ತೆಗೆದಿಲ್ಲ' ಎಂದು, ಹಿತ್ತಲಿನಲ್ಲಿ ಅರ್ಧ ಕೊಯ್ದು ಬಿಟ್ಟಿದ್ದ ಒಂದು ಬಿಳಿ ಗಾಡಿಯನ್ನು ತೋರಿಸಿದರು. ಮುಂಭಾಗ ಇರಲಿಲ್ಲ. ಹಿಂದಿನ ಗಾಜಿನ ಮೇಲೆ ಯಾರೋ ಬಿಡಿಸಿದ್ದ ಗಣಪತಿ ಹಾಗೇ ಇತ್ತು. ಅದರ ಹಿಂದಿನ ಎಕ್ಸೆಲ್ಲಿಗೆ 4500 ರೂಪಾಯಿ ಮಾತಾಯಿತು. ಮುಂದಿನ ಗಾಜು ಕೇಳಿದೆ. 'ಆ ಗಾಜು ನನ್ನ ಹತ್ತಿರ ಇದ್ದಿದ್ದರೆ ನಾನು ನಿನ್ನಿಂದ ಎಕ್ಸೆಲ್‌ಗೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ ಬೇಟಾ, ಗಾಜಿನಲ್ಲೇ ಎಲ್ಲ ವಸೂಲಿ ಮಾಡುತ್ತಿದ್ದೆ' ಎಂದರು.

ತಂದ ಎಕ್ಸೆಲ್ ಕೂಡ ಒಂದು ಬದಿ ಸತ್ತಿತ್ತು. ಎರಡರಿಂದ ಒಂದು ಮಾಡಬೇಕಿತ್ತು. ಡೊಂಬಿವಲಿ ಎಂಐಡಿಸಿಯಲ್ಲಿ ಲೇತ್ ಇಟ್ಟುಕೊಂಡಿರುವ ವಿಜಾಪುರ ಕಡೆಯವರೊಬ್ಬರ ಹತ್ತಿರ ಒಯ್ದೆ. ಟಾರ್ಶನ್ ಬಾರುಗಳು ಹಲ್ಲಿಗೆ ಹಲ್ಲು ಕಚ್ಚಿಕೊಂಡು ತುಕ್ಕಿನಲ್ಲಿ ಒಂದಾಗಿದ್ದವು. ಮೂರು ದಿನ ಡೀಸೆಲ್ ಸುರಿದು, ಕಾಸಿ, ಹೊಡೆದು, ಮತ್ತೆ ಕಾಸಿ, ನಾಲ್ಕನೆಯ ದಿನ ಒಂದು ಬಂತು. ತಿಂದುಹೋದ ಶಾಫ್ಟನ್ನು ಅವರು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

'ಸರ, ಇದರಾಗ ಏನೂ ಉಳಿದಿಲ್ಲರಿ. ಹೊಸಾದು ತಿರವಬೇಕು. ಬೇರಿಂಗ ಅಳತಿ ತಗೊಂಡು ಮಸ್ಜಿದ್ ಬಂದರಿಗೆ ಹೋಗ್ರಿ, ಸಿಗ್ತಾವ. ಸೂಜಿ ಬೇರಿಂಗ ಯಾವ ಗಾಡಿದು ಅಂತ ಹೇಳಾಕ ಹೋಗಬ್ಯಾಡ್ರಿ, ಬರೇ ಅಳತಿ ಹೇಳ್ರಿ.'

'ಆಗ್ತದಾ ಮೇಸ್ತ್ರಿ? ಮಾರ್ಚಿಗೆ ಪಾಸಿಂಗ್ ಉಂಟು.'

'ಆಗ್ತೈತಿ ತಗೋರಿ. ಇದನ್ನ ಮಾಡಿದ್ದೆಲ್ಲಿ, ಫಾರಿನ್ನಾಗೇನ್ರಿ?'

'ಇಲ್ಲೇ, ಶಿಳ್ ರಸ್ತೆಯಲ್ಲಿ. ನಿಮ್ಮ ಅಂಗಡಿಯಿಂದ ಹತ್ತು ನಿಮಿಷ.'

ಅವರು ಶಾಫ್ಟು ಕೆಳಗಿಟ್ಟು ಕೈ ಒರೆಸಿಕೊಂಡು, 'ಹಂಗಾರ ಭಾಳ ದೂರ ಏನೂ ಹೋಗಿಲ್ಲ ಬಿಡ್ರಿ' ಅಂದರು.

ಎಕ್ಸೆಲ್, ಬೇರಿಂಗು, ಲೇತಿನ ಕೂಲಿ, ಟೆಂಪೋ ಬಾಡಿಗೆ ಸೇರಿ 13,200 ರೂಪಾಯಿ. ಹುಂಡಿಯಲ್ಲಿ ಅಷ್ಟು ಇತ್ತು. ಅದರ ಮೇಲೆ ನೋಂದಣಿ ಮುಂದುವರಿಸುವ ಖರ್ಚು. 15 ವರ್ಷ ದಾಟಿದ ಕಾರಿಗೆ ಈ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದವಕ್ಕೆ 10,000 ಮಾಡಿದರು. ಹಸಿರು ತೆರಿಗೆ ಬೇರೆ. ದೆಹಲಿಯ ಓದುಗರು ನಗುತ್ತಿರಬಹುದು, ಅಲ್ಲಿ 2015ರಲ್ಲೇ ಹಸಿರು ನ್ಯಾಯಮಂಡಳಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಕೂಡದು ಎಂದಿತು. ಹಳೆಯ ಡೀಸೆಲ್ ಹೆಚ್ಚು ಹೊಗೆ ಬಿಡುತ್ತದೆ ಎಂಬುದನ್ನು ನಾನು ಅಲ್ಲಗಳೆಯಲಾರೆ. ನನ್ನದೂ ಬಿಡುತ್ತದೆ, ಚಳಿಗಾಲದ ಬೆಳಗ್ಗೆ ಸೊಸೈಟಿಯ ನೆಲಮಹಡಿಯವರ ಮುಖ ನೋಡಲು ನನಗೆ ನಾಚಿಕೆಯಾಗುತ್ತದೆ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರಿಗಿಂತ ಹೆಚ್ಚು ಓಡಿಸುವುದಿಲ್ಲ ಎಂಬುದು ನನಗೆ ನಾನೇ ಹೇಳಿಕೊಳ್ಳುವ ಸಮಾಧಾನ. ಹೆಂಡತಿಯ ಲೆಕ್ಕ ಇನ್ನೂ ಸರಳ: 22 ಸಾವಿರಕ್ಕೆ ಮಾರಿದರೆ ಮಗಳ ಒಂದು ಸೆಮಿಸ್ಟರಿನ ಅರ್ಧ ಫೀಸು, ಆಮೇಲೆ ರಾತ್ರಿ ಹೊತ್ತು ಯಾರಿಗಾದರೂ ಎದೆ ಹಿಡಿದುಕೊಂಡರೆ ಟ್ಯಾಕ್ಸಿ ಬುಕ್ ಆಗಲಿ ಎಂದು ಫೋನು ನೋಡುತ್ತಾ ಕೂರುವುದು. ಅವಳೇ ಫೀಸಿಗೆ ತನ್ನ ಭಿಶಿ ಚೀಟಿ ಎತ್ತಿದಳು.

ಕಾರು ಲೇತಿನಲ್ಲಿ ಇದ್ದ ಆ ಹದಿನೈದು ದಿನ ನಾನು ಸುಮ್ಮನೆ ಕೂರಲಾರದೆ ವಂಶಾವಳಿಯ ಮುಂದಿನ ಪುಟಗಳನ್ನು ಓದಿದೆ. 2011ರಲ್ಲಿ ಪೆಜೊ ಗುಜರಾತಿನ ಸಾಣಂದದಲ್ಲಿ ದೊಡ್ಡ ಕಾರ್ಖಾನೆ ಎಂದು ಘೋಷಿಸಿ ಮರುವರ್ಷವೇ ಕೈಬಿಟ್ಟಿತು. 2017ರಲ್ಲಿ ಅದೇ ಕೂಟ ಅಂಬಾಸಡರ್ ಎಂಬ ಹೆಸರನ್ನು 80 ಕೋಟಿಗೆ ಕೊಂಡಿತು, ಕಾರನ್ನಲ್ಲ, ಬರೀ ಹೆಸರನ್ನು. 2021ರ ಜನವರಿಯಲ್ಲಿ ಫಿಯಟ್–ಕ್ರೈಸ್ಲರ್ ಮತ್ತು ಪೆಜೊ–ಸಿಟ್ರೊಯೆನ್ ಕೂಡಿ ಸ್ಟೆಲಾಂಟಿಸ್ ಎಂಬ ಒಂದೇ ಕಂಪನಿಯಾದವು. ಸಿಮ್ಕಾವನ್ನು ಹೆತ್ತ ಫಿಯಟ್, ಅದನ್ನು ಕೊಂಡ ಕ್ರೈಸ್ಲರ್, ಅದನ್ನು ಡಾಲರಿಗೆ ತೆಗೆದುಕೊಂಡ ಪೆಜೊ, ಪ್ರೀಮಿಯರ್‌ಗೆ ಒಬ್ಬರಾದ ಮೇಲೊಬ್ಬರು ಬೀಗರಾದ ಮೂವರೂ ಈಗ ಒಂದೇ ಸೂರಿನಡಿ. ಈ ಕೂಟದ ಸಿಟ್ರೊಯೆನ್ ಕಾರುಗಳು ಚೆನ್ನೈ ಬಳಿಯ ತಿರುವಳ್ಳೂರಿನಲ್ಲಿ ತಯಾರಾಗುತ್ತಿವೆ. ನಮ್ಮ ಓದುಗರಲ್ಲಿ ಅಲ್ಲಿ ಕೆಲಸ ಮಾಡುವ ಎಂಜಿನಿಯರುಗಳಿರಬಹುದು. ಅವರಿಗೊಂದು ಮಾತು: ನಿಮ್ಮ ಕಂಪನಿಯ ನಿಜವಾದ ದೊಡ್ಡ ಮನೆಯ ಹಳೆಯ ಸೊಸೆಯೊಂದು ಡೊಂಬಿವಲಿಯಲ್ಲಿದೆ, ಅದಕ್ಕೊಂದು ಮುಂದಿನ ಗಾಜು ಬೇಕಾಗಿದೆ.

ಮಾರ್ಚಿ ಮೊದಲ ವಾರ ತಪಾಸಣೆಗೆ ಒಯ್ದೆವು. ಮಗಳೂ ಬಂದಿದ್ದಳು. ಹಿಂದಿನ ದಿನ ಹೊಗೆಯ ಪರೀಕ್ಷೆಯಲ್ಲಿ ಎರಡನೆಯ ಪ್ರಯತ್ನಕ್ಕೆ ಪಾಸಾಗಿತ್ತು, ಫಿಲ್ಟರ್ ಬದಲಿಸಿ, ಎಂಜಿನ್ ಚೆನ್ನಾಗಿ ಬಿಸಿ ಮಾಡಿ ಒಯ್ದ ಮೇಲೆ. ಇನ್‌ಸ್ಪೆಕ್ಟರು ನಿವೃತ್ತಿಗೆ ಹತ್ತಿರದವರು. ಸುತ್ತು ಹಾಕಿದರು, ಕೈಬ್ರೇಕ್ ಎಳೆದು ನೋಡಿದರು, ಹಿಂದಿನ ಚಕ್ರಗಳ ಹತ್ತಿರ ಬಗ್ಗಿ ಸ್ವಲ್ಪ ಹೊತ್ತು ನಿಂತರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಚಕ್ರಗಳು ನೆಟ್ಟಗೆ ನಿಂತಿದ್ದವು. ಚಾಸಿ ನಂಬರ್ ತಾಳೆ ನೋಡಿ ಬರೆದುಕೊಂಡರು. ಕೊನೆಗೆ ಬಾನೆಟ್ ಎತ್ತಿಸಿ ಒಳಗೆ ಇಣುಕಿದವರ ಮುಖ ಅರಳಿತು.

'ಅರೇ, ಇದು ಝೆನ್ ಡೀಸೆಲ್‌ನ ಎಂಜಿನ್! ನನ್ನ ಹತ್ತಿರ ಇತ್ತು ಆ ಗಾಡಿ. ಇದಕ್ಕೆ ಯಾವಾಗ ಹಾಕಿಸಿದಿರಿ?' ಎಂದು ಮರಾಠಿಯಲ್ಲಿ ಕೇಳಿದರು.

ಅಲ್ಲ ಸಾಹೇಬರೆ, ಝೆನ್‌ಗೆ ಹಾಕಿದ್ದೇ ಇದನ್ನು ಎಂದು ಶುರುಮಾಡಲು ಬಾಯಿ ತೆರೆದೆ. 1978, ಪ್ವಾಸಿ, ಟಾಲ್ಬಟ್, ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಮಗಳು ಹಿಂದಿನಿಂದ ಮೊಣಕೈಯಲ್ಲಿ ತಿವಿದಳು.

'ಮೊದಲಿನಿಂದಲೂ ಅದೇ ಇದೆ ಸಾಹೇಬರೆ' ಎಂದೆ. ಅವರು ಸಹಿ ಹಾಕಿದರು.